ಹಸಿರು ಕತ್ತಿನ ಎರೆಭೂತ

ದೇಶದ ಗಡಿ, ನದಿಯ ನೀರು, ರೂಪಾಯಿಯ ಬೆಲೆ ಮುಂತಾದ ಸಣ್ಣಪುಟ್ಟ ಸಂಗತಿಗಳನ್ನು ಸದ್ಯಕ್ಕೆ ಬದಿಗಿಟ್ಟು, ಆ ವರ್ಷದ ಅತ್ಯಂತ ಗಂಭೀರವಾದ ಪ್ರಶ್ನೆಯನ್ನು ಎತ್ತಿಕೊಳ್ಳಬೇಕಾಗಿದೆ. ಗಾದಿಲಿಂಗನಕೋಟೆಯ ಎರೆಹೊಲದಲ್ಲಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಿಂತಿದ್ದ ಹಕ್ಕಿಯ ಕತ್ತು ಬೂದಿಯ ಬಣ್ಣದ್ದೋ, ಹಸಿರು ಬಣ್ಣದ್ದೋ? ಬೂದಿ ಎಂದವಳು ಕಸ್ತೂರಿ ಬಾವಿಕಟ್ಟಿ. ಹಸಿರು ಎಂದದ್ದು ಅವಳ ಕೈಯಲ್ಲಿದ್ದ ಕ್ಯಾಮೆರಾ. ಇಬ್ಬರಲ್ಲಿ ಸರ್ಕಾರಿ ಮುದ್ರೆ ಇದ್ದದ್ದು ಕ್ಯಾಮೆರಾಕ್ಕೆ.

ಕಸ್ತೂರಿ ಬಸ್ ನಿಲ್ದಾಣದ ಎದುರಿನ ಬಾವಿಕಟ್ಟಿ ಫೋಟೋ ಸ್ಟುಡಿಯೋದ ಒಡತಿ. ಐವತ್ತು ದಾಟಿದವಳು. ಮದುವೆಯ ಹಂಗಾಮಿನಲ್ಲಿ ಮದುಮಕ್ಕಳನ್ನೂ ಉಳಿದ ದಿನಗಳಲ್ಲಿ ಹಕ್ಕಿಗಳನ್ನೂ ತೆಗೆಯುತ್ತ ಬಂದವಳು. ಹಕ್ಕಿಗಳು ವಾಸಿ, ಅವುಗಳ ಜೊತೆ ಸೋದರಮಾವಂದಿರು ಬರುವುದಿಲ್ಲ ಎಂಬುದು ಅವಳ ಅಭಿಪ್ರಾಯ.

ಆ ಬೆಳಿಗ್ಗೆ ಅವಳು ಜಾಲಿಯ ಪೊದೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿದ್ದಳು. ಕಟಾವಾದ ಜೋಳದ ಹೊಲದ ನಡುವೆ, ನೆಲದ ಬಿರುಕುಗಳನ್ನು ಎಚ್ಚರಿಕೆಯಿಂದ ದಾಟುತ್ತ, ಮನೆಯ ಹಿರಿಯ ಸೊಸೆ ಅಂಗಳಕ್ಕಿಳಿದ ಹಾಗೆ ಅದು ನಡೆದು ಬಂತು. ಸೊಂಟದೆತ್ತರದ ಹಕ್ಕಿ. ಕಂದು ಬೆನ್ನು, ಬೂದಿಯ ಕತ್ತು, ನೆತ್ತಿಯ ಮೇಲೆ ಕಪ್ಪು ಟೋಪಿ. ಎಡ ರೆಕ್ಕೆಯ ಒಂದು ಗರಿ ಮುರಿದು ಜೋತುಬಿದ್ದಿತ್ತು. ಪುಸ್ತಕದವರು ಇದನ್ನು ಹೆಬ್ಬಕ ಎನ್ನುತ್ತಾರೆ, ಎರೆಸೀಮೆಯವರು ಎರೆಭೂತ ಎನ್ನುತ್ತಾರೆ. ಇಡೀ ಸೀಮೆಯಲ್ಲಿ ಉಳಿದದ್ದು ಇದೊಂದು ಹೆಣ್ಣು, ಹಳ್ಳದಾಚೆ ಕಾಣಿಸಿದ ಹಾಗೆ ಮಾಡಿ ಕಾಣಿಸದೆ ಹೋಗುವ ಒಂದು ಗಂಡು.

ಸರ್ಕಾರಿ ಮುದ್ರೆಯ ಈ ಹೊಸ ಕ್ಯಾಮೆರಾ ಕೊಂಡ ಮೇಲೆ ಅದು ಎದುರಿಗೆ ಸಿಕ್ಕಿದ್ದು ಇದೇ ಮೊದಲು. ಕಸ್ತೂರಿ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಪರದೆಯ ಮೇಲೆ ಚಿತ್ರ ಮೂಡಿತು. ಹಸಿರು ಮಿನುಗುವ ಕತ್ತು. ತಲೆಯ ಮೇಲೆ ಅಂದವಾದ ಜುಟ್ಟು. ಜೋತುಬಿದ್ದ ಗರಿಯ ಸುಳಿವೇ ಇಲ್ಲ. ಕೆಳಗೆ ಬರೆದಿತ್ತು: ಹೆಣ್ಣುನವಿಲು. ಸಾಚಾ.

ಅವಳು ಕಣ್ಣೆತ್ತಿ ಹೊಲ ನೋಡಿದಳು. ಎರೆಭೂತ ಅಲ್ಲೇ ಇತ್ತು. ಕಣ್ಣಿಳಿಸಿ ಪರದೆ ನೋಡಿದಳು. ನವಿಲು ಅಲ್ಲೇ ಇತ್ತು. ಮತ್ತೆ ಒತ್ತಿದಳು, ಮತ್ತೆ ನವಿಲು. ಬಗ್ಗಿ ತೆಗೆದಳು, ಎದ್ದು ತೆಗೆದಳು, ಕೊನೆಗೆ ಹಕ್ಕಿ ಬೇಸತ್ತು ಭಾರವಾಗಿ ಹಾರಿಹೋಗುವಾಗಲೂ ತೆಗೆದಳು. ಹಾರುವ ನವಿಲು ಸಿಕ್ಕಿತು, ಅದೂ ಸಾಚಾ.

ಈ ಸಾಚಾ ಎಂಬುದರ ಹಿನ್ನೆಲೆ ಹೀಗೆ. ಆ ಹೊತ್ತಿಗೆ ಯಾವ ಚಿತ್ರ ಬೇಕಾದರೂ ಯಾರು ಬೇಕಾದರೂ ಕೂತಲ್ಲೇ ಹುಟ್ಟಿಸಬಹುದಾಗಿತ್ತು. ಹುಲಿಯ ಹೆಗಲ ಮೇಲೆ ಕೈಹಾಕಿ ನಿಂತ ಪುಢಾರಿಗಳ ಚಿತ್ರಗಳು ಊರೂರಿಗೆ ಅಂಟಿಕೊಂಡ ಮೇಲೆ, ಮುದ್ರೆಯ ಕ್ಯಾಮೆರಾ ಒಂದೇ ಪ್ರಮಾಣ ಎಂದು ಕಾನೂನಾಯಿತು. ಮಸೂರದೊಳಗೆ ಬೆಳಕು ಬಿದ್ದ ಕ್ಷಣದಲ್ಲೇ ಚಿತ್ರವಾಗಿ, ಅದೇ ಉಸಿರಿನಲ್ಲಿ ಅದಕ್ಕೆ ಮುದ್ರೆ ಬೀಳುತ್ತಿತ್ತು. ನಡುವೆ ಯಾರೂ ಕೈಯಾಡಿಸುವ ಹಾಗಿರಲಿಲ್ಲ. ಯಾರೂ ಎಂದರೆ ಮನುಷ್ಯರು ಯಾರೂ. ಕ್ಯಾಮೆರಾ ತಾನೇ ಕೈಯಾಡಿಸುವುದಕ್ಕೆ ಅಡ್ಡಿಯೇನಿರಲಿಲ್ಲ. ಎದುರಿಗಿರುವುದು ಏನು ಎಂದು ಅದು ಮೊದಲು ತೀರ್ಮಾನಿಸುತ್ತಿತ್ತು, ಆಮೇಲೆ ತೀರ್ಮಾನಕ್ಕೆ ಒಪ್ಪುವ ಹಾಗೆ ಬೆಳಕನ್ನು ತಿದ್ದುತ್ತಿತ್ತು. ಮಬ್ಬಿದ್ದರೆ ಚೊಕ್ಕ ಮಾಡುತ್ತಿತ್ತು, ಕೊರತೆಯಿದ್ದರೆ ತುಂಬಿಕೊಡುತ್ತಿತ್ತು. ಜನ ಇದನ್ನು ಮೆಚ್ಚಿಕೊಂಡಿದ್ದರು. ಯಾರ ಮುಖದಲ್ಲೂ ಮೊಡವೆ ಉಳಿದಿರಲಿಲ್ಲ.

*

ಸ್ಟುಡಿಯೋದ ಹಿಂದೆಯೇ ಮನೆ, ಮನೆಯ ಮುಂಭಾಗವೇ ಖಾನಾವಳಿ. ಕಸ್ತೂರಿಯ ಗಂಡ ಗವಿಸಿದ್ದಪ್ಪ ರೊಟ್ಟಿ ಬಡಿಯುತ್ತಿದ್ದವನು ಹಿಟ್ಟಿನ ಕೈ ದೂರ ಹಿಡಿದು ಬಗ್ಗಿ ನೋಡಿದ.

"ನವಿಲಲ್ಲೇನಿದು?"

"ನಾ ತೆಗೆಯೂಮುಂದ ನವಿಲಿರಲಿಲ್ಲ."

"ತೆಗೆದ ಮ್ಯಾಲೆ ಆತೇನು?"

"ಹೂಂ. ತೆಗೆದ ಮ್ಯಾಲೆ ಆತು."

ಗವಿಸಿದ್ದಪ್ಪ ಹೆಂಡತಿಯ ಮುಖ ನೋಡಿ, ನಗುವ ಸಮಯ ಇದಲ್ಲ ಎಂದು ತಿಳಿದು, ಮತ್ತೆ ಹಂಚಿನ ಕಡೆ ತಿರುಗಿದ. ಅವನ ತಾಯಿ ನೀಲಗಂಗವ್ವ ಹಿತ್ತಿಲ ಬಾಗಿಲಲ್ಲಿ ಕೂತು, ಉಳಿದ ಅನ್ನವನ್ನು ಅಲ್ಲಿ ನೆರೆದಿದ್ದ ನವಿಲುಗಳಿಗೆ ಎರಚುತ್ತಿದ್ದಳು. ಅವು ದಿನಾ ಬರುತ್ತಿದ್ದವು, ಕೂಗಿ ನಿದ್ದೆ ಕೆಡಿಸುತ್ತಿದ್ದವು, ಮೆಣಸಿನಕಾಯಿಯ ಸಸಿ ಉಳಿಸುತ್ತಿರಲಿಲ್ಲ.

"ಅದರಾಗೇನೈತಿ ತಂಗಿ," ಎಂದಳು ಮುದುಕಿ. "ಯುಗಾದಿಗೆ ನನ್ನ ಫೋಟೋ ತೆಗದ್ಯಲ್ಲ, ಬಾಯ್ತುಂಬ ಹಲ್ಲು ಬಂದಿದ್ದುವು. ಕೊಡೂದೇನೋ ಕೊಟ್ಟತು ನಿನ್ನ ಮಿಷನ್ನು. ರೊಟ್ಟಿ ಕಡಿಯಾಕ ಮಾತ್ರ ಬಿಡವಲ್ದು."

ಕಸ್ತೂರಿಗೆ ನಗು ಬರಲಿಲ್ಲ. ಚಿತ್ರ ತಿದ್ದುವುದು ಪಾಪವೆಂದು ಅವಳೇನೂ ತಿಳಿದಿರಲಿಲ್ಲ. ಅವಳ ಅಪ್ಪ ನೆಗೆಟಿವ್‌ನ ಮೇಲೆ ಸೀಸದ ಕಡ್ಡಿಯಿಂದ ಎಷ್ಟೋ ಮದುಮಕ್ಕಳ ಸಿಡುಬಿನ ಕಲೆ ಮುಚ್ಚಿದ್ದ. ಆದರೆ ಹುಡುಗಿಯ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, "ಇದನ್ನ ತೆಗೀಲೇನಬೇ?" ಎಂದು ಕೇಳಿ ತೆಗೆಯುತ್ತಿದ್ದ. ಒಮ್ಮೆ ಒಬ್ಬಳು ತಾಯಿ, "ಬ್ಯಾಡ್ರಿ, ಆ ಮಚ್ಚಿ ನನ್ನ ಮಗಳದಽ" ಎಂದಿದ್ದಳಂತೆ. ಕೇಳದೆ ತಿದ್ದುವುದಕ್ಕೆ, ತಿದ್ದಿದ್ದನ್ನು ಸಾಚಾ ಎನ್ನುವುದಕ್ಕೆ ಅಪ್ಪನ ಸೀಸದ ಕಡ್ಡಿಗೆ ಧೈರ್ಯ ಸಾಲುತ್ತಿರಲಿಲ್ಲ.

ಸಿಟ್ಟಿಗೆ ಇನ್ನೂ ದೊಡ್ಡ ಕಾರಣವಿತ್ತು. ಎರೆಹೊಲದ ಮೇಲೆ ಹೈಟೆನ್ಷನ್ ತಂತಿ ಹಾಯಿಸುವ ಯೋಜನೆ ಬಂದಿತ್ತು, ಕಂಬದ ಗುಂಡಿಗಳಿಗೆ ಸುಣ್ಣದ ಗುರುತೂ ಬಿದ್ದಿತ್ತು. ಎರೆಭೂತದ ಕಣ್ಣು ತಲೆಯ ಎರಡು ಬದಿಗಿವೆ. ಹಾರುವಾಗ ಅದಕ್ಕೆ ನೆಲ ಕಾಣುತ್ತದೆ, ಬದಿ ಕಾಣುತ್ತದೆ, ಎದುರಿನ ತಂತಿ ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಮೈ ಥಟ್ಟನೆ ತಿರುಗುವುದಿಲ್ಲ. ಮುಂಗಾರು ಬಿದ್ದ ಮೇಲೆ ಅದು ಬರಿ ನೆಲದ ಮೇಲೆ ಒಂದು ಮೊಟ್ಟೆ ಇಡುತ್ತದೆ. ಒಂದೇ. ಎರೆಭೂತ ಇದೆ ಎಂದು ರುಜುವಾತಾದರೆ ತಂತಿ ಹೆದ್ದಾರಿಯ ಪಕ್ಕಕ್ಕೆ ಸರಿಯಬೇಕು ಎಂದು ನಿಯಮವಿತ್ತು. ರುಜುವಾತು ಎಂದರೆ ಸಾಚಾ ಚಿತ್ರ. ನವಿಲಿಗಾಗಿ ತಂತಿ ಸರಿಯುವುದಿಲ್ಲ. ನವಿಲು ರಾಷ್ಟ್ರಪಕ್ಷಿಯಾದರೂ ಎಲ್ಲೆಲ್ಲೂ ಸಿಗುವಂಥದ್ದು.

*

ಪರಿವೀಕ್ಷಣೆಗೆ ಬಂದ ಅಧಿಕಾರಿಯ ಹೆಸರು ಜಯಸಿಂಹ. ಮೈಸೂರಿನ ಕಡೆಯ ಸಭ್ಯ ಮನುಷ್ಯ. ಬಿಸಿಲಿಗೆ ದೊಡ್ಡ ಟೋಪಿ ಹಾಕಿಕೊಂಡು, ಕಸ್ತೂರಿಯ ಹಿಂದೆ ಜಾಲಿ ಮುಳ್ಳು ತುಳಿಯುತ್ತ, ಒಂದು ಮಾತೂ ಗೊಣಗದೆ ನಡೆದು ಬಂದ. ಅವಳ ಜೊತೆಗೆ ನಿವೃತ್ತ ಪೋಸ್ಟ್‌ಮಾಸ್ಟರ್ ಪ್ರಹ್ಲಾದಾಚಾರರೂ ಇದ್ದರು. ಊರಿನ ಏಳು ಜನ ಹಕ್ಕಿಹುಚ್ಚರ ಬಳಗದಲ್ಲಿ ಅವರು ಹಿರಿಯರು, ಸುಳ್ಳು ಹೇಳಬೇಕಾದಾಗ ಕೆಮ್ಮುವ ಜಾತಿಯವರು.

ಅದೃಷ್ಟಕ್ಕೆ ಹಕ್ಕಿ ಅಲ್ಲೇ ಇತ್ತು. ಹತ್ತಿರವೇ ಇತ್ತು. ಜಯಸಿಂಹ ಪೊದೆಯ ಸಂದಿನಿಂದ ನೋಡಿದ. ಟೋಪಿ ತೆಗೆದ. ಮೆಲ್ಲಗೆ, "ಅಯ್ಯೋ, ಎಷ್ಟು ಚೆನ್ನಾಗಿದೆ," ಎಂದ. ಕಸ್ತೂರಿ ಅದನ್ನು ಕೇಳಿದಳು. ಗೆದ್ದೆವು ಅಂದುಕೊಂಡಳು.

ಆಮೇಲೆ ಅವನು ಕೊರಳಲ್ಲಿದ್ದ ಸರ್ಕಾರಿ ಕ್ಯಾಮೆರಾ ಎತ್ತಿ ಒಂದು ಚಿತ್ರ ತೆಗೆದ. ಪರದೆ ನೋಡಿದ. ಟೋಪಿ ಮತ್ತೆ ಹಾಕಿಕೊಂಡ.

"ಹೆಣ್ಣುನವಿಲು, ಮೇಡಂ."

"ಸಾಹೇಬ್ರ, ಈಗ ನೋಡಿದ್ರಲ್ಲ. ಬೂದಿ ಕತ್ತು. ಕರಿ ನೆತ್ತಿ. ಜುಟ್ಟಿಲ್ಲ."

"ನೋಡಿದೆ."

"ಮತ್ತ?"

"ನೋಡಿದ ಹಾಗೇ ಅನ್ನಿಸ್ತು. ಆದ್ರೆ ಬಿಸಿಲು ಜಾಸ್ತಿ ಇದೆ, ನನಗೆ ಬೆಳಿಗ್ಗೆ ತಿಂಡಿ ಆಗಿಲ್ಲ."

"ಅದು ಇನ್ನೂ ಅಲ್ಲೇ ನಿಂತೈತಿ. ಇನ್ನೊಂದು ಸಲ ನೋಡ್ರಿ."

ಜಯಸಿಂಹ ನೋಡಲಿಲ್ಲ. ನೋಡಿದರೆ ಕಷ್ಟ ಎಂದು ಅವನಿಗೆ ಗೊತ್ತಿತ್ತು. ನೆಲ ನೋಡುತ್ತ ಹೇಳಿದ, "ನನ್ನ ಕಣ್ಣಿಗೆ ಮುದ್ರೆ ಇಲ್ಲ ಮೇಡಂ. ನಾನು ಏನು ಬರೀಲಿ? ಮುಂದಿನ ತಿಂಗಳ ಕೊನೆಯಲ್ಲಿ ಇನ್ನೊಂದು ಸಲ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಸಾಚಾ ಸಿಕ್ಕಿದ್ರೆ ನನ್ನಷ್ಟು ಸಂತೋಷಪಡೋರು ಯಾರೂ ಇಲ್ಲ."

ಅವನು ನಿಜವನ್ನೇ ಹೇಳಿದ್ದ. ಕಸ್ತೂರಿಗೆ ಅದೇ ತಡೆಯಲಾಗಲಿಲ್ಲ. ಲಂಚಕೋರನಾಗಿದ್ದರೆ ಬೈಯಬಹುದಿತ್ತು, ಮೂರ್ಖನಾಗಿದ್ದರೆ ತಿಳಿಹೇಳಬಹುದಿತ್ತು. ಕಣ್ಣಾರೆ ಕಂಡು, ಕಂಡದ್ದಕ್ಕೆ ಮನಸ್ಸು ಕರಗಿ, ಆಮೇಲೆ ಕಂಡೇ ಇಲ್ಲ ಎನ್ನುವ ಸಜ್ಜನನನ್ನು ಏನು ಮಾಡುವುದು? ಅವನ ಜೀಪು ಧೂಳೆಬ್ಬಿಸಿ ಹೋದ ಮೇಲೆ ಅವಳು ಸುಣ್ಣದ ಗುರುತೊಂದನ್ನು ಚಪ್ಪಲಿಯಿಂದ ಉಜ್ಜಿ ಉಜ್ಜಿ ಅಳಿಸಿದಳು. ಸುಣ್ಣ ಹೋಯಿತು. ಎರೆಮಣ್ಣಿನಲ್ಲಿ ಬೆಳ್ಳನೆಯ ಕಲೆ ಉಳಿಯಿತು.

"ನಮ್ಮಪ್ಪನ ರೀಲ್ ಕ್ಯಾಮೆರಾ ಐತಿ," ಎಂದಳು.

"ಮುದ್ರಿ ಎಲ್ಲಿಂದ ತರ್ತೀ?" ಎಂದರು ಪ್ರಹ್ಲಾದಾಚಾರರು. "ರೀಲಿನ ಫೋಟೋ ಕೊಟ್ರ ಈಗ ನಕಲಿ ಅಂತ ಕೇಸು ಹಾಕ್ತಾರ."

*

ಮುದ್ರೆಯ ಕ್ಯಾಮೆರಾಗಳಿಗೆಲ್ಲ ಪಾಠ ಹೇಳುವ ಕೇಂದ್ರ ಬಳ್ಳಾರಿಯ ಹೊರವಲಯದಲ್ಲಿತ್ತು. ಅದರ ನಿಯಂತ್ರಣ ಕೊಠಡಿಯಲ್ಲಿ ಚಳಿ ಹುಟ್ಟುವಷ್ಟು ತಂಪು. ಗೋಡೆಯುದ್ದಕ್ಕೂ ನಾಡಿನ ನಕ್ಷೆ, ಅದರ ತುಂಬ ಮಿಣಮಿಣ ದೀಪಗಳು. ಎಲ್ಲೋ ಯಾರೋ ಒಂದು ಹಕ್ಕಿಯ ಚಿತ್ರ ತೆಗೆದಾಗಲೆಲ್ಲ ಒಂದು ದೀಪ ಹೊತ್ತಿ ಆರುತ್ತಿತ್ತು. ಅಲ್ಲಿ ಕೂತಿದ್ದ ಎಂಜಿನಿಯರ್ ತನ್ವೀರ್, ಬಳ್ಳಾರಿಯವನೇ, ಕಸ್ತೂರಿಗೆ ಕುರ್ಚಿ ಕೊಟ್ಟು ತಾನು ಸ್ವೆಟರಿನ ತೋಳು ಎಳೆದುಕೊಂಡ.

"ಕ್ಯಾಮೆರಾದೊಳಗ ಬಿದ್ದ ಬೆಳಕು ಇದ್ದಂಗ ತೋರ್ಸು," ಎಂದಳು ಕಸ್ತೂರಿ. "ತಿದ್ದೂಕಿನ ಮೊದಲಿಂದು."

"ಅದು ಇರಂಗಿಲ್ರೀ ಅಕ್ಕಾರ. ಇಡಾಕ ಜಾಗ ಎಲ್ಲೈತಿ? ತೀರ್ಪು ಆದಮ್ಯಾಲೆ ಸಾಕ್ಷಿ ಯಾಕ ಕಾಯಬೇಕು ಅಂತಾರ ಮೇಲಿನೋರು."

"ತೀರ್ಪು ಕೊಡೂದಕ್ಕ ಅದಕ್ಕ ಹಕ್ಕಿ ಗೊತ್ತಿರಬೇಕಲ್ಲ."

"ಗೊತ್ತೈತ್ರಿ. ಆದರ ಅದು ಬರೇ ಹಕ್ಕಿ ನೋಡಂಗಿಲ್ಲ. ಯಾವ ಊರು, ಯಾವ ಹಂಗಾಮು, ಆ ಊರಾಗ ತಿಳಿದೋರು ಇಂಥ ಆಕಾರಕ್ಕ ಇಷ್ಟು ದಿನ ಏನಂದಾರ, ಅದನ್ನೂ ನೋಡ್ತೈತಿ. ನಮ್ಮ ಕಣ್ಣೂ ಹಂಗಽ ಅಲ್ರೀ? ಮಬ್ಬಿನಾಗ ನಮ್ಮ ಓಣ್ಯಾಗ ಯಾರರ ಬಂದ್ರ ನೆರೆಮನಿಯವ ಅಂತೀವಿ, ಅಮೇರಿಕದ ಅಧ್ಯಕ್ಷ ಅನ್ನಂಗಿಲ್ಲ."

"ಮತ್ತ ನಮ್ಮೂರಾಗ ಇಂಥ ಆಕಾರಕ್ಕ ಹೆಣ್ಣುನವಿಲು ಅಂತ ಯಾವ ಕುರುಡ ಹೇಳಿದ?"

ತನ್ವೀರ್ ಕೀಲಿಗಳ ಮೇಲೆ ಬೆರಳಾಡಿಸಿದ. ಗಾದಿಲಿಂಗನಕೋಟೆ ಗೋಡೆಯಷ್ಟು ದೊಡ್ಡದಾಯಿತು. ಅದರ ಬದಿಯಲ್ಲಿ ಏಳು ಚಿನ್ನದ ಗರಿಗಳು ಮೂಡಿದವು. ವರ್ಷಗಟ್ಟಲೆ ತಪ್ಪಿಲ್ಲದೆ ಹಕ್ಕಿ ಗುರುತಿಸಿದವರಿಗೆ ಕೊಡುವ ಗೌರವ ಅದು. ಮೊದಲ ಗರಿಯ ಕೆಳಗೆ ಹೆಸರಿತ್ತು: ಕಸ್ತೂರಿ ಬಾವಿಕಟ್ಟಿ.

ತಂಪಿನಲ್ಲೂ ಅವಳ ಕಿವಿ ಬಿಸಿಯಾಯಿತು.

ಹತ್ತು ವರ್ಷದ ಹಿಂದೆ ಅವಳು ಎರೆಭೂತದ ಒಂದು ಚಿತ್ರವನ್ನು ಹೆಮ್ಮೆಯಿಂದ ಜಗತ್ತಿಗೆ ತೋರಿಸಿದ್ದಳು. ಮುಂದಿನ ವಾರವೇ ಎಲ್ಲೆಲ್ಲಿಂದಲೋ ಜೀಪುಗಳು ಬಂದವು. ಫಿರಂಗಿಯಂಥ ಮಸೂರ ಹೊತ್ತ ಜನ ಹಕ್ಕಿಯನ್ನು ಹೊಲದಿಂದ ಹೊಲಕ್ಕೆ ಅಟ್ಟಾಡಿಸಿದರು, ಹಾರುವ ಭಂಗಿ ಬೇಕೆಂದು ಹಾರ್ನ್ ಹೊಡೆದರು. ಆ ವರ್ಷದ ಮೊಟ್ಟೆ ಟೈರಿನ ಗುರುತಿನಲ್ಲಿ ಸಿಕ್ಕಿತು, ಹಳದಿಯಾಗಿ. ಅಂದು ಖಾನಾವಳಿಯಲ್ಲಿ ಸೇರಿದ ಏಳು ಜನರ ಬಳಗ ಒಂದು ಕಟ್ಟು ಮಾಡಿಕೊಂಡಿತು. ಇನ್ನು ಮೇಲೆ ಎರೆಭೂತ ಕಂಡರೆ ಹೆಣ್ಣುನವಿಲು ಎಂದೇ ದಾಖಲಿಸುವುದು. ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವಾಗ, "ಹೆಣ್ಣಿನ ಕಡೆಯೋರು ಬಂದಾರ" ಎನ್ನುವುದು. ಉಪಾಯ ಕಸ್ತೂರಿಯದೇ. ಬಹಳ ಚೆನ್ನಾಗಿ ನಡೆಯಿತು. ಜೀಪುಗಳು ಬರುವುದು ನಿಂತಿತು. ಈ ಕೇಂದ್ರಕ್ಕೆ ಹಳೆಯ ಕ್ಯಾಮೆರಾದ ಚಿತ್ರ ಕಳಿಸಿ, ಅದರ ಕೆಳಗೆ ನಿರ್ಮಲವಾದ ಮನಸ್ಸಿನಿಂದ ಹೆಣ್ಣುನವಿಲು ಎಂದು ಬರೆಯುವುದು ಅವರಿಗೆ ಸಂಧ್ಯಾವಂದನೆಯಷ್ಟು ರೂಢಿಯಾಯಿತು. ಯಂತ್ರ ಶ್ರದ್ಧೆಯಿಂದ ಕಲಿತುಕೊಂಡಿತ್ತು. ಇಷ್ಟು ವಿಧೇಯ ಶಿಷ್ಯ ಯಾವ ಗುರುವಿಗೂ ಸಿಕ್ಕಿರಲಾರ.

"ನಾವಽ," ಎಂದಳು ಕಸ್ತೂರಿ. "ನಾವಽ ಕಲಿಸಿವಿ."

ತನ್ವೀರ್ ಪೂರ್ತಿ ಕೇಳಿದ. ಕೇಳಿ ನಗಲಿಲ್ಲ, ಅದಕ್ಕೆ ಅವಳು ಋಣಿಯಾದಳು.

"ತಪ್ಪಾತು ಅಂತ ಒಪ್ಪಿಕೊಂಡ್ರ?"

"ಅದಕ್ಕೊಂದು ಬಟನ್ ಐತ್ರಿ. ಒತ್ತಬ್ಯಾಡ್ರಿ."

"ಯಾಕ?"

"ಒತ್ತಿದ್ರ ಗರಿ ಹೋಗ್ತೈತಿ. ಗರಿ ಹೋದೋರ ಮಾತು ಅದು ನಂಬಂಗಿಲ್ಲ. ನಾ ಸುಳ್ಳು ಹೇಳಿದ್ದೆ ಅಂತ ನೀವು ಅಂದ್ರ, ಆ ಮಾತನ್ನೂ ನಂಬಂಗಿಲ್ಲ. ಹಳೇ ನವಿಲು ನವಿಲಾಗೇ ಉಳೀತಾವ."

"ಸುಳ್ಳು ಹೇಳಿಕೋತ ಹೋದ್ರ?"

"ಗರಿ ಇರ್ತೈತಿ."

ಕಸ್ತೂರಿ ಕುರ್ಚಿಯ ಕೈಗಳನ್ನು ಹಿಡಿದುಕೊಂಡಳು. ಇಷ್ಟು ದಿನ ಅವಳ ಸಿಟ್ಟಿಗೆ ಒಂದು ವಿಳಾಸವಿತ್ತು. ಈಗ ಅದು ಊರೆಲ್ಲ ಅಲೆದು ತನ್ನ ಮನೆ ಬಾಗಿಲಿಗೇ ಬಂದು ನಿಂತಿತ್ತು. ಒಳಕ್ಕೆ ಕರೆದುಕೊಳ್ಳದೆ ವಿಧಿಯಿರಲಿಲ್ಲ. ಹಾಗೆಂದು ಯಂತ್ರದ ಮೇಲಿನ ಸಿಟ್ಟೇನೂ ಕಡಿಮೆಯಾಗಲಿಲ್ಲ. ಅವರು ಹೇಳಿದ್ದು ಒಂದು ಸುಳ್ಳು. ಅದಕ್ಕೆ ಕತ್ತು ಕಟ್ಟಿ, ಜುಟ್ಟು ಕಟ್ಟಿ, ಮುರಿದ ಗರಿ ಕಿತ್ತು, ಹೊಳಪು ಕೊಟ್ಟು, ಮುದ್ರೆ ಒತ್ತಿದ್ದು ಅದು.

"ಇರೂ ಒಂದಽ ಹಕ್ಕಿಯ ಫೋಟೋಕ್ಕ ಎರೆಭೂತ ಅಂತ ಬರದ್ರ?"

"ಒಂದ್ಸಲ ಬರದ್ರ ಬೆರಳು ಜಾರೇತಿ ಅಂತೈತಿ." ತನ್ವೀರ್ ಗೋಡೆಯ ಕಡೆ ನೋಡುತ್ತ, ಯಾರಿಗೂ ಹೇಳದವನ ಹಾಗೆ ಹೇಳಿದ, "ಗರಿಯವರೆಲ್ಲ ನೂರು ನೂರು ಸಲ ಬರದ್ರ, ಪಾಠ ಅಂತೈತಿ. ತಿಂಗಳ ಕೊನೆಗೆ ಹೊಸ ಪಾಠ ಕಲೀತೈತಿ."

"ನೂರು ಸಲ ತೆಗ್ಯಾಕ ಆ ಹಕ್ಕಿ ವಾರಕ್ಕೊಮ್ಮೆ ಕಂಡ್ರ ಪುಣ್ಯ."

"ಹೌದ್ರಿ," ಎಂದ ತನ್ವೀರ್. "ನಿಮ್ಮೂರಾಗ ನವಿಲು ಮಾತ್ರ ಭಾಳ."

*

ಗವಿಸಿದ್ದಪ್ಪನ ಖಾನಾವಳಿಯಲ್ಲಿ ಮಧ್ಯಾಹ್ನದ ಗಿರಾಕಿಗಳು ಎದ್ದ ಮೇಲೆ ಬಳಗ ಸೇರಿತು. ಅಷ್ಟರಲ್ಲಿ ಪ್ರಹ್ಲಾದಾಚಾರರು ಬಟನ್ ಒತ್ತಿಬಿಟ್ಟಿದ್ದರು. ಕಸ್ತೂರಿ ಫೋನಿನಲ್ಲಿ ವಿಷಯ ತಿಳಿಸುತ್ತ ಒತ್ತಬೇಡಿ ಎಂಬ ಮಾತಿಗೆ ಬರುವ ಮೊದಲೇ ಅವರು ಫೋನಿಟ್ಟು, ಕೈಕಾಲು ತೊಳೆದು, ಹತ್ತು ವರ್ಷದ ಸುಳ್ಳನ್ನು ಒಪ್ಪಿಕೊಂಡಿದ್ದರು. ಗರಿ ಉದುರಿತ್ತು.

"ನಿನ್ನೆ ನಮ್ಮಪ್ಪನ ಶ್ರಾದ್ಧ," ಎಂದರು ಅವರು, ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟುತ್ತ. "ಪಿಂಡಕ್ಕ ಕಾಗಿ ಬಂತು. ಸುಮ್ನ ಪರೀಕ್ಷಾ ಮಾಡೋಣಂತ ಫೋಟೋ ತೆಗೆದು ಕಾಗಿ ಅಂತ ಬರದೆ. ಪರಿಶೀಲನೆಯೊಳಗದ ಅಂತ ಉತ್ತರ ಬಂತು. ಪಿಂಡ ನಮ್ಮಪ್ಪಗ ಮುಟ್ಟೇದೋ ಇಲ್ಲೋ ಅದೂ ಈಗ ಪರಿಶೀಲನೆಯೊಳಗ ಅದ ಅಂತ ತಿಳಕೋಬೇಕು."

ಯಾರೋ ನಕ್ಕರು. ಕಸ್ತೂರಿ ನಗಲಿಲ್ಲ.

"ನಿಜ ಹೇಳಿದೋರಿಗೆ ಕಾಗೀನೂ ಇಲ್ಲ," ಎಂದಳು. "ಉಳಿದ ಆರು ಗರಿ ಅದಾವ. ಇವತ್ತಿಂದ ಕಂಡ ಕಂಡ ಹೆಣ್ಣುನವಿಲಿನ ಫೋಟೋ ತೆಗೀರಿ. ಎಲ್ಲಾದಕ್ಕೂ ಎರೆಭೂತ ಅಂತ ಬರೀರಿ. ಗುಡಿ ಹಿಂದಿನದು, ಕೆರಿ ಏರಿದು, ನಮ್ಮ ಹಿತ್ತಲದ್ದು, ಒಂದೂ ಬಿಡಬ್ಯಾಡ್ರಿ. ತಂತಿ ಹಾಯೋ ದಾರಿಗುಂಟ ಪೂರಾ ತೆಗೀರಿ. ಖರೇ ಹಕ್ಕಿ ಇರೂ ಹೊಲಕ್ಕ ಮಾತ್ರ ಯಾರೂ ಹೋಗೂದಿಲ್ಲ."

"ಮತ್ತ ಸುಳ್ಳಽ?" ಎಂದರು ಆಚಾರರು.

"ಖರೇ ಹೇಳಾಕ ಹೋಗಿ ನಿಮಗೇನಾತು?"

"ಎರೆಭೂತ ಅಂತ ಬರದ್ರ ಜೀಪು ಬರ್ತಾವಲ್ಲ ಕಸ್ತೂರಿ. ಅದಕ್ಕಂತ ಇಷ್ಟು ವರ್ಷ ಮುಚ್ಚಿಟ್ಟಿದ್ದು."

"ಬರ್ಲಿ," ಎಂದಳು ಕಸ್ತೂರಿ. ಅವಳ ದನಿಯಲ್ಲಿದ್ದದ್ದನ್ನು ಕೇಳಿ ಗವಿಸಿದ್ದಪ್ಪ ಒಳಗಿನಿಂದ ಇಣುಕಿದ. "ಬಂದೋರಿಗೆ ಕ್ಯಾಮೆರಾ ಏನು ತೋರಸ್ತೈತೋ ಅದನ್ನ ನೋಡಿ ಹೋಗ್ತಾರ. ನೆಲ ಯಾರು ನೋಡ್ತಾರ?"

ಪ್ರಹ್ಲಾದಾಚಾರರು ಕೆಮ್ಮಿದರು. ಗರಿ ಇಲ್ಲದಿದ್ದರೂ ಊರು ಸುತ್ತಲು ಸ್ಕೂಟರ್ ತಮ್ಮದಿರಲಿ ಎಂದು ಒಪ್ಪಿಕೊಂಡರು.

ಆ ತಿಂಗಳು ಗಾದಿಲಿಂಗನಕೋಟೆಯ ಹೆಣ್ಣುನವಿಲುಗಳಿಗೆ ಎಂದೂ ಸಿಗದ ಮರ್ಯಾದೆ ಸಿಕ್ಕಿತು. ಆಚಾರರ ಸ್ಕೂಟರಿನ ಹಿಂದೆ ಕೂತ ಕಸ್ತೂರಿ ಬೇಲಿ ಬೇಲಿ ಅಲೆದಳು. ಗಂಡುನವಿಲು ಗರಿ ಬಿಚ್ಚಿ ಎದುರಿಗೆ ನಿಂತು ಥಕಥಕ ಕುಣಿದರೂ ಅದರತ್ತ ತಿರುಗಿ ನೋಡದೆ, ಪಕ್ಕದಲ್ಲಿ ಮಣ್ಣು ಕೆದಕುವ ಹೆಣ್ಣಿನ ಮುಂದೆ ಮೊಣಕಾಲೂರಿದಳು. ಪ್ರತಿ ಸಲ ಎರೆಭೂತ ಎಂದು ಬರೆಯುವಾಗ ಹಲ್ಲು ಕಚ್ಚಿದಳು. ಮೂವತ್ತು ವರ್ಷ ಅವಳು ಹಕ್ಕಿ ಗುರುತಿಸುವುದನ್ನು ಕಲಿತದ್ದು ತಪ್ಪು ಹೆಸರು ಹೇಳಬಾರದು ಎಂದು. ಈಗ ಮತ್ತೆ ಅದೇ ಒಂದು ಹಕ್ಕಿಯನ್ನು ಉಳಿಸಲು ದಿನಕ್ಕೆ ಹತ್ತಾರು ಸಲ ತಪ್ಪು ಹೇಳಬೇಕಿತ್ತು, ಅದೂ ಚಿನ್ನದ ಗರಿಯ ಅಧಿಕಾರದಿಂದ.

ಬಳ್ಳಾರಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯ ಮೇಲಿನ ಗಾದಿಲಿಂಗನಕೋಟೆ ಮೊದಲು ಅಲ್ಲಲ್ಲಿ, ಆಮೇಲೆ ಅಂಚಿನವರೆಗೂ ಕೆಂಪಾಯಿತು. ಅಪರೂಪದ ಹಕ್ಕಿಯ ಬಣ್ಣ ಅದು. ಮೇಲಧಿಕಾರಿ ಬಂದು ತನ್ವೀರನ ಹಿಂದೆ ನಿಂತ.

"ಏನಿದು? ಯಂತ್ರ ಕೆಟ್ಟಿದೆಯಾ?"

"ಇಲ್ಲ ಸಾರ್. ಕಲೀತಾ ಇದೆ," ಎಂದ ತನ್ವೀರ್. ಆ ಸಂಜೆ ಕಸ್ತೂರಿಗೆ ಫೋನ್ ಮಾಡಿ, ಹೆಸರೂ ಹೇಳದೆ, "ಅಕ್ಕಾರ, ಹೆಣ್ಣಿನ ಕಡೆಯೋರು ಒಪ್ಪಿಕೊಂಡ್ರು," ಎಂದಷ್ಟೇ ಹೇಳಿ ಇಟ್ಟ.

ಮರುದಿನ ಬೆಳಿಗ್ಗೆ ಕಸ್ತೂರಿ ಹಿತ್ತಿಲಿಗೆ ಹೋಗಿ, ಅತ್ತೆಯ ಕಾಲ ಬಳಿ ಅನ್ನ ಹೆಕ್ಕುತ್ತಿದ್ದ ನವಿಲಿನ ಕಡೆ ಕ್ಯಾಮೆರಾ ಹಿಡಿದಳು. ಬೂದಿಯ ಕತ್ತು. ಕಪ್ಪು ಟೋಪಿ. ಹಿಂಬೆರಳಿಲ್ಲದ ಮೂರು ಬೆರಳಿನ ಪಾದವೂ ಸೇರಿ ಎಲ್ಲ ಸರಿಯಾಗಿತ್ತು. ಎರೆಭೂತ. ಸಾಚಾ. ಹಿಂದೆ ಕೂತಿದ್ದ ನೀಲಗಂಗವ್ವನಿಗೆ ಎಂದಿನಂತೆ ಹಲ್ಲು ಬಂದಿದ್ದವು.

*

ಜಯಸಿಂಹ ಮಾತು ಕೊಟ್ಟ ಹಾಗೆ ಬಂದ. ಖಾನಾವಳಿಯ ಹಿತ್ತಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ತಂತಿಯ ದಾರಿಯುದ್ದಕ್ಕೂ ಕ್ಯಾಮೆರಾ ಎತ್ತಿದಲ್ಲೆಲ್ಲ ಎರೆಭೂತ. ಬರಿಗಣ್ಣಿನಿಂದ ನೋಡುವ ತಪ್ಪನ್ನು ಈ ಸಲ ಅವನು ಒಮ್ಮೆಯೂ ಮಾಡಲಿಲ್ಲ.

"ಮೇಡಂ, ಹೋದ ಸಲ ನಾನು ನೋಡಿದ್ದು ಅದೇ ಅಲ್ವಾ? ನನಗೆ ಆಗ್ಲೇ ಅನ್ನಿಸಿತ್ತು."

ಇದು ಅವಳ ಗೆಲುವಿನ ಗಳಿಗೆ. ಅವನ ಮುಖಕ್ಕೆ ಒಂದು ಚೊಂಬು ನೀರು ಎರಚಬೇಕು ಅನ್ನಿಸಿತು. "ಹೌದ್ರಿ ಸಾಹೇಬ್ರ," ಎಂದಳು. "ನಿಮಗ ಆಗಽ ಅನ್ನಿಸಿತ್ತು."

ಆದೇಶ ಬಂತು. ಸುಣ್ಣದ ಗುರುತುಗಳನ್ನು ಹೆದ್ದಾರಿಯ ಪಕ್ಕಕ್ಕೆ ಹಾಕಿದರು.

ಜೀಪುಗಳೂ ಬಂದವು. ಫಿರಂಗಿಯಂಥ ಮಸೂರಗಳ ಜನ ಎರೆಹೊಲದ ಬಿಸಿಲಿಗೆ ಹೋಗುವ ಶ್ರಮ ತೆಗೆದುಕೊಳ್ಳಲಿಲ್ಲ. ಹಿತ್ತಿಲಲ್ಲೇ ಕೆಲಸ ಮುಗಿಯುತ್ತಿರುವಾಗ ಯಾರು ಹೋಗುತ್ತಾರೆ? ಖಾನಾವಳಿಯ ಬೆಂಚಿನ ಮೇಲೆ ಕೂತು, ಎಣ್ಣೆಗಾಯಿ ತಿನ್ನುತ್ತ, ಕಿಟಕಿಯಿಂದಲೇ ಚಿತ್ರ ತೆಗೆದು ಪರಸ್ಪರ ಬೆನ್ನು ತಟ್ಟಿಕೊಂಡರು.

"ಇವು ನವಿಲು," ಎಂದಳು ನೀಲಗಂಗವ್ವ, ಅನ್ನದ ಬೋಗುಣಿ ಹಿಡಿದು.

"ಅಲ್ಲ ಅಜ್ಜಿ, ಇಲ್ನೋಡಿ," ಎಂದು ಒಬ್ಬ ತಾಳ್ಮೆಯಿಂದ ಪರದೆ ತೋರಿಸಿದ. "ಕತ್ತು ನೋಡಿ. ಟೋಪಿ ನೋಡಿ. ಇದು ಬಹಳ ಅಪರೂಪದ ಹಕ್ಕಿ. ನಿಮ್ಮ ಮನೆ ಹಿಂದೆನೇ ಇದೆ, ನಿಮಗೆ ಗೊತ್ತೇ ಇಲ್ಲ."

ಮುದುಕಿ ಪರದೆ ನೋಡಿದಳು. ಕಾಲ ಬಳಿಯಿದ್ದ ಹಕ್ಕಿ ನೋಡಿದಳು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮ್ಮವ್ವನ ಫೋಟೋ ಇದರಾಗ ತೆಗೀಬ್ಯಾಡೋ ತಮ್ಮ," ಎಂದಳು. "ಗುರುತು ಸಿಗಲಿಕ್ಕಿಲ್ಲ."

ಮುಂಗಾರಿನ ಎರಡನೆಯ ಮಳೆಯ ನಂತರ ಕಸ್ತೂರಿ ಒಬ್ಬಳೇ ಎರೆಹೊಲಕ್ಕೆ ಹೋದಳು. ಚಪ್ಪಲಿಗೆ ಮೆತ್ತಿದ ಮಣ್ಣು ಹೆಜ್ಜೆಗೊಂದು ಸೇರು ಭಾರವಾಯಿತು. ಜಾಲಿಯ ಪೊದೆಯ ಹಿಂದೆ ಒದ್ದೆ ನೆಲದ ಮೇಲೆ ಮಲಗಿ ನೋಡಿದಳು. ಎರೆಭೂತ ಕೂತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಮೈ ಸರಿಪಡಿಸಿಕೊಂಡಾಗ, ಅದರ ಕಾಲ ನಡುವೆ, ಬರಿ ನೆಲದ ಮೇಲೆ, ಮಣ್ಣಿನದೇ ಬಣ್ಣದ ಒಂದು ಮೊಟ್ಟೆ ಕಂಡಿತು. ಮುರಿದ ಗರಿ ಇನ್ನೂ ಜೋತುಬಿದ್ದಿತ್ತು. ಕತ್ತಿನ ಒಂದು ಕಡೆ ಪುಕ್ಕ ಉದುರಿ ಚರ್ಮ ಕಾಣುತ್ತಿತ್ತು. ವಯಸ್ಸಾಗಿತ್ತು ಅದಕ್ಕೆ.

ಇದೊಂದನ್ನಾದರೂ ಇದ್ದ ಹಾಗೆ ಇಟ್ಟುಕೊಳ್ಳಬೇಕು ಅನ್ನಿಸಿತು. ಕ್ಯಾಮೆರಾ ಎತ್ತಿ ಗುಂಡಿ ಒತ್ತಿದಳು.

ಹೆಸರು ಈ ಸಲ ಸರಿಯಾಗಿತ್ತು. ಎರೆಭೂತ, ಸಾಚಾ. ಚಿತ್ರದಲ್ಲಿ ಹರೆಯದ ಹಕ್ಕಿಯೊಂದು ಎದೆ ಸೆಟೆಸಿ ನಿಂತಿತ್ತು. ಗರಿ ಒಂದೂ ಮುರಿದಿರಲಿಲ್ಲ, ಕತ್ತು ತೊಳೆದ ಹಾಗಿತ್ತು. ಕಾಲ ಬಳಿಯ ಮೊಟ್ಟೆಯನ್ನು ಕಲ್ಲೆಂದು ತಿಳಿದು ಯಂತ್ರ ಅಳಿಸಿ, ಅಲ್ಲಿ ಒಂದು ಹಿಡಿ ಹಸಿರು ಹುಲ್ಲು ಬೆಳೆಸಿತ್ತು.

ಕಸ್ತೂರಿ ಆ ಚಿತ್ರವನ್ನು ಅಳಿಸಿದಳು. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಕಟ್ಟಿದ ಗಂಟನ್ನು ಇನ್ನೊಮ್ಮೆ ಬಿಗಿದಳು. ಆಮೇಲೆ ಮೊಣಕೈ ಊರಿ, ಕತ್ತಲಾಗುವವರೆಗೂ ಬರಿಗಣ್ಣಿನಿಂದ ನೋಡುತ್ತ ಮಲಗಿದ್ದಳು.

ಮೊಟ್ಟೆ ಒಡೆದು ಮರಿ ಬಂತು. ಅದರ ಚಿತ್ರ ಯಾರ ಬಳಿಯೂ ಇಲ್ಲ. ವರ್ಷದ ಕೊನೆಯಲ್ಲಿ ಹೊರಬಿದ್ದ ಅಧಿಕೃತ ವರದಿಯ ಪ್ರಕಾರ ಗಾದಿಲಿಂಗನಕೋಟೆ ತಾಲ್ಲೂಕಿನಲ್ಲಿ ಎರೆಭೂತಗಳು ಸಮೃದ್ಧವಾಗಿವೆ. ಹೆಣ್ಣುನವಿಲು ಒಂದೂ ಉಳಿದಿಲ್ಲ, ಕಾರಣ ತಿಳಿಯಲು ಸಮಿತಿ ನೇಮಕವಾಗಿದೆ.